ಆರಿಂಚಿನ ಕೆಂಪು ಟೈಲ್ಸ್: ಗೋವಾದ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ನಾನು ಬಾಗಲಕೋಟೆ ಕಡೆಯ ಗೌಂಡಿ. ಗೋವಾಕ್ಕೆ ಬಂದು 22 ವರ್ಷ ಆಯಿತು. ಮೊದಲ ಮೂರು ವರ್ಷ ವಾಸ್ಕೋದಲ್ಲಿ ಸಿಮೆಂಟು ಮರಳಿನ ಮಾಲು ಕಲಸಿದೆ, ಆಮೇಲೆ ಥಾಪಿ ಹಿಡಿದೆ. ಈಗ ಮಡಗಾಂವಿನಲ್ಲಿ ಐದು ಜನರ ನಮ್ಮದೇ ಗ್ಯಾಂಗ್ ಇದೆ. ಹೊಳೆಯುವ ದೊಡ್ಡ ಟೈಲ್ಸ್ ಹಾಕುವವರು ಇಲ್ಲಿ ಓಣಿಗೆ ಹತ್ತು ಜನ ಸಿಗುತ್ತಾರೆ. ಆರಿಂಚಿನ ಕೆಂಪು ಕ್ವಾರಿ ಟೈಲ್ಸ್ ಅಂದಕೂಡಲೇ ನಮಗೆ ಫೋನ್ ಬರುತ್ತದೆ. ವಾಸ್ಕೋ, ಪೋಂಡಾ, ಮಾಪುಸಾ ಕಡೆಯ ಕನ್ನಡದವರು ಕೇಳುವುದು ಹೆಚ್ಚುಕಮ್ಮಿ ಅದದೇ ಪ್ರಶ್ನೆ. ಒಂದೊಂದಕ್ಕೂ ಅರ್ಧ ಗಂಟೆ ಮಾತಾಗುತ್ತದೆ, ಅಷ್ಟರಲ್ಲಿ ಕಲಸಿಟ್ಟ ಮಾಲು ಗಟ್ಟಿಯಾಗುತ್ತದೆ. ಅದಕ್ಕೇ ಬರೆದಿಟ್ಟೆ. ಕಾಗುಣಿತ ಮಗಳು ತಿದ್ದಿದ್ದಾಳೆ.

ಅಣ್ಣಾ, ಕ್ವಾರಿ ಅಂದ್ರೆ ಗಣಿ ಅಲ್ವಾ? ಇದು ಕಲ್ಲಾ?

ಅಲ್ಲ, ಮಣ್ಣು. ಈ ಹೆಸರಿಗೂ ಗಣಿಗೂ ಸಂಬಂಧ ಇಲ್ಲ. ಚೌಕ ಎಂಬ ಅರ್ಥದ ಹಳೆಯ ಫ್ರೆಂಚ್ ಪದದಿಂದ ಬಂದದ್ದು. ಜೇಡಿಮಣ್ಣನ್ನು ಹದವಾಗಿ ಕಲಸಿ, ಚಕ್ಕುಲಿ ಒತ್ತಿದ ಹಾಗೆ ಅಚ್ಚಿನ ಬಾಯಿಂದ ಪಟ್ಟಿಯಾಗಿ ಒತ್ತಿ ತೆಗೆಯುತ್ತಾರೆ. ಕತ್ತರಿಸಿ, ಒಣಗಿಸಿ, ಸುಮಾರು 1100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. ಮೇಲೆ ಗಾಜಿನ ಲೇಪ ಇರುವುದಿಲ್ಲ. ಮೇಲಿನ ಬಣ್ಣವೇ ಒಳಗೂ ಇರುತ್ತದೆ. ಹಾಗಾಗಿ ಮೂಲೆ ಚೂರು ಹಾರಿದರೂ ಬಿಳಿ ಹಲ್ಲು ಕಾಣುವುದಿಲ್ಲ.

ನಮಗೆ ಇದು ಹೊಸದಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಗೋವಾದ ಎಷ್ಟೋ ಹಳೆಯ ಮನೆಗಳ ಮಾಡಿನ ಮೇಲೆ ಮಂಗಳೂರು ಹಂಚೇ ಇದೆ. ಕ್ವಾರಿ ಟೈಲ್ಸ್ ಅಂದರೆ ಆ ಹಂಚಿನ ಗಟ್ಟಿಮುಟ್ಟಾದ ಅಣ್ಣ ಎಂದುಕೊಳ್ಳಿ.

ಅಂಗಡಿಯವರು ಟೆರಾಕೋಟಾ ತೋರಿಸಿ ಕ್ವಾರಿ ಅನ್ನುತ್ತಾರೆ. ಹೇಗೆ ಗುರುತಿಸುವುದು?

ಎರಡೂ ಕೆಂಪೇ, ಆದರೆ ನೀರು ಕುಡಿಯುವುದರಲ್ಲಿ ಬಹಳ ವ್ಯತ್ಯಾಸ ಇದೆ. ಟೈಲ್ಸ್ ಮೇಲೆ ಒಂದು ಹನಿ ನೀರು ಹಾಕಿ. ಒಂದೆರಡು ನಿಮಿಷದಲ್ಲಿ ಹನಿ ಮಾಯವಾಗಿ ಕಪ್ಪು ಕಲೆ ಉಳಿದರೆ ಅದು ಕಡಿಮೆ ಸುಟ್ಟದ್ದು, ಅಂದರೆ ಟೆರಾಕೋಟಾ. ಗಟ್ಟಿಯಾಗಿ ಸುಟ್ಟದ್ದರ ಮೇಲೆ ಹನಿ ಬಹಳ ಹೊತ್ತು ಕೂತಿರುತ್ತದೆ. ಬೆರಳ ಗಂಟಿನಿಂದ ತಟ್ಟಿದರೆ ಟಣ್ ಅನ್ನಬೇಕು.

ಇನ್ನೂ ಅನುಮಾನ ಇದ್ದರೆ ಒಂದು ತುಂಡು ಮನೆಗೆ ತಂದು ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ. ಒಂದು ದಿನ ನೀರಲ್ಲಿ ಮುಳುಗಿಸಿಡಿ. ತೆಗೆದು, ಮೇಲಿನ ನೀರು ಒರೆಸಿ, ಮತ್ತೆ ತೂಗಿ. 600 ಗ್ರಾಂ ಇದ್ದದ್ದು 630 ದಾಟದಿದ್ದರೆ ಒಳ್ಳೆಯ ಕ್ವಾರಿ. ಶೇ. 5ರ ಒಳಗೆ ನೀರು ಹೀರಬೇಕು ಎನ್ನುವುದು ಇದರ ಲೆಕ್ಕ. 660, 670 ಆಯಿತೋ, ಅದು ಟೆರಾಕೋಟಾ. ಟೆರಾಕೋಟಾ ಕೆಟ್ಟದ್ದೇನಲ್ಲ. ಅದಕ್ಕೆ ಸೀಲರ್, ಅಂದರೆ ನೀರು, ಕಲೆ ಒಳಗೆ ಇಳಿಯದ ಹಾಗೆ ಹಚ್ಚುವ ದ್ರವ, ಜಾಸ್ತಿ ಬೇಕು, ಆರೈಕೆ ಜಾಸ್ತಿ ಬೇಕು. ಗೊತ್ತಿದ್ದು ತಗೊಂಡರೆ ಆಯಿತು.

100 ಚದರ ಅಡಿಗೆ ಎಷ್ಟು ಬೇಕು?

8 ಮಿ.ಮೀ. ಸಂದಿ ಬಿಟ್ಟರೆ 150 ಮಿ.ಮೀ. ಟೈಲ್ಸ್ ಒಂದು ಚದರ ಮೀಟರಿಗೆ 40 ಬರುತ್ತವೆ. 100 ಚದರ ಅಡಿ ಅಂದರೆ 9.3 ಚದರ ಮೀಟರ್, ಅಂದರೆ 372. ಒಡೆಯುವುದು, ಕತ್ತರಿಸುವುದು ಸೇರಿಸಿ 410 ತನ್ನಿ. ಎಲ್ಲಾ ಒಂದೇ ಬ್ಯಾಚಿನದಾಗಿರಲಿ. ಒಂದು ಭಟ್ಟಿಯಿಂದ ಇನ್ನೊಂದಕ್ಕೆ ಬಣ್ಣ ಬೇರೆ ಆಗುತ್ತದೆ. ಒಂದೇ ಬ್ಯಾಚಿನಲ್ಲೂ ಡಬ್ಬಿಯಿಂದ ಡಬ್ಬಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಅದಕ್ಕೇ ನಾವು ಮೂರು ನಾಲ್ಕು ಡಬ್ಬಿ ಒಟ್ಟಿಗೆ ಬಿಚ್ಚಿ, ಇಸ್ಪೀಟೆಲೆ ಕಲೆಸಿದ ಹಾಗೆ ಕಲೆಸಿ ಹಾಕುತ್ತೇವೆ.

ಕೂಲಿ ಯಾಕೆ ಇಷ್ಟು ಜಾಸ್ತಿ? ದೊಡ್ಡ ಟೈಲ್ಸ್‌ಗೆ ಇಷ್ಟಿಲ್ಲವಲ್ಲ?

ಎರಡಡಿ ಚೌಕದ ಒಂದು ಟೈಲ್ಸ್ ಇಡುವ ಜಾಗದಲ್ಲಿ ಇವು ಹದಿನಾರು ಕೂರುತ್ತವೆ. ಹದಿನಾರು ಸಲ ಬಗ್ಗಬೇಕು. ಇನ್ನೇನು ಹೇಳಲಿ?

ಹಳೆಯ ನೆಲದ ಮೇಲೇ ಹಾಕಬಹುದಾ?

ಹಳೆಯದು ಎಲ್ಲೂ ಪೊಳ್ಳು ಸದ್ದು ಕೊಡದಿದ್ದರೆ, ಬಿರುಕು ಇಲ್ಲದಿದ್ದರೆ, ಅದಕ್ಕೆ ತಕ್ಕ ಅಂಟು ಹಾಕಿ ಹಾಕಬಹುದು. ಟೈಲ್ಸ್ 12 ಮಿ.ಮೀ., ಅಂಟು 6 ಮಿ.ಮೀ. ಸೇರಿ ಮುಕ್ಕಾಲು ಇಂಚು ಎತ್ತರ ಏರುತ್ತದೆ. ಬಾಗಿಲು ಕೊಯ್ಯಲು ತಯಾರಿದ್ದೀರಾ ನೋಡಿಕೊಳ್ಳಿ.

ನೆಲ ಒಣಗಿದೆ ಅಂತೀವಿ, ನೀವು ಯಾಕೆ ಪ್ಲಾಸ್ಟಿಕ್ ಅಂಟಿಸಿ ಹೋಗ್ತೀರಿ?

ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ. ನಮ್ಮ ಬಾಗಲಕೋಟೆಯಲ್ಲಿ ಐದು ವರ್ಷಕ್ಕೆ ಬೀಳುವಷ್ಟು ಇಲ್ಲಿ ಒಂದೇ ವರ್ಷ ಬೀಳುತ್ತದೆ. ಹಳೆಯ ಮನೆಗಳ ಪಾಯ, ಗೋಡೆ ಜಂಬಿಟ್ಟಿಗೆ ಕಲ್ಲಿನದು. ಆ ಕಲ್ಲಿನ ತುಂಬಾ ಸಣ್ಣ ಸಣ್ಣ ತೂತು. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಅದು ಕೆಳಗಿನ ತೇವವನ್ನು ಮೇಲಕ್ಕೆ ಎಳೆಯುತ್ತದೆ. ಮೇಲೆ ಕೈ ಇಟ್ಟರೆ ಒಣಗಿದ ಹಾಗೇ ಇರುತ್ತದೆ.

ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಒಂದು ದಿನ ಬಿಡಿ. ತೆಗೆದಾಗ ಒಳಗೆ ಬೆವರಿದ್ದರೆ, ಅಥವಾ ಅಲ್ಲಿ ನೆಲ ಕಪ್ಪಾಗಿದ್ದರೆ, ಕೆಳಗಿಂದ ನೀರು ಬರುತ್ತಿದೆ ಎಂದು ಅರ್ಥ. ಇದಕ್ಕೆ ರೂಪಾಯಿ ಖರ್ಚಿಲ್ಲ. ಆದರೂ ಹೆಚ್ಚಿನವರು ಮಾಡಿಸುವುದಿಲ್ಲ. ನೆಲದ ತೊಂದರೆ ಅಂತ ನನಗೆ ಬರುವ ಹತ್ತು ಫೋನಿನಲ್ಲಿ ಏಳೆಂಟರ ಬೇರು ಇಲ್ಲೇ ಇರುತ್ತದೆ. ಜನ ಬಯ್ಯುವುದು ಮಾತ್ರ ಸೀಲರ್ ಡಬ್ಬಿಯನ್ನು.

ಹೊಸ ಕಾಂಕ್ರೀಟ್ ಆದರೆ 28 ದಿನ ಕಾಯಿರಿ. ನೆಲಮಹಡಿ ಆದರೆ ಕಾಂಕ್ರೀಟಿನ ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿಸಿ. ಮಳೆ ಹೊಡೆಯುವ ಬಾಲ್ಕನಿ, ಜಗಲಿಗೆ ಪ್ರತಿ ಮೀಟರಿಗೆ 1 ಸೆಂ.ಮೀ. ಇಳಿಜಾರು ಬೇಕು. ಇಳಿಜಾರು ಕೋಬಾದಲ್ಲೇ, ಅಂದರೆ ಟೈಲ್ಸ್‌ಗೆ ಮೊದಲು ಹಾಸುವ ಗಾರೆ ಪದರದಲ್ಲೇ ಬರಬೇಕು. ಆಮೇಲೆ ಟೈಲ್ಸ್ ಕೆಳಗೆ ಮಾಲು ಏರಿಸಿ ಇಳಿಸಿ ಹೊಂದಿಸುತ್ತೇನೆ ಅನ್ನುವ ಗೌಂಡಿಯನ್ನು ನಂಬಬೇಡಿ.

ಟೈಲ್ಸ್ ನೀರಲ್ಲಿ ನೆನೆಸಬೇಕಾ, ಬೇಡವಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಇಬ್ಬರೂ ಸರಿ. ಕೆಳಗೆ ಏನು ಹಾಕುತ್ತೀರಿ ಎಂಬುದರ ಮೇಲೆ ಹೋಗುತ್ತದೆ.

ಹಳೆಯ ಪದ್ಧತಿಯಲ್ಲಿ, ಅಂದರೆ ಸಿಮೆಂಟು ಮರಳಿನ ಮಾಲಿನ ಮೇಲೆ ಕೂರಿಸುವುದಾದರೆ ನೆನೆಸಲೇಬೇಕು. ಒಣ ಟೈಲ್ಸ್ ಮಾಲಿನ ನೀರನ್ನು ಹೀರಿಬಿಡುತ್ತದೆ, ನೀರಿಲ್ಲದ ಸಿಮೆಂಟು ಪುಡಿಪುಡಿ ಆಗುತ್ತದೆ. ಬಕೆಟಿನಲ್ಲಿ ಗುಳ್ಳೆ ಏಳುವುದು ನಿಲ್ಲುವ ತನಕ ಬಿಡಿ. ಆಮೇಲೆ ನಿಲ್ಲಿಸಿ ಸೋರಿಸಿ. ಬೆನ್ನಿನ ಮೇಲೆ ನೀರು ಮಿಂಚಬಾರದು.

ಚೀಲದಲ್ಲಿ ಪುಡಿಯಾಗಿ ಬರುವ ಟೈಲ್ಸ್ ಅಂಟು ಬಳಸಿದರೆ ನೆನೆಸಲೇಬಾರದು. ಆ ಅಂಟಿನೊಳಗೇ ನೀರು ಹಿಡಿದಿಡುವ ಸಾಮಾನು ಹಾಕಿರುತ್ತಾರೆ. ಒದ್ದೆ ಬಟ್ಟೆಯಿಂದ ಬೆನ್ನಿನ ಧೂಳು ಒರೆಸಿದರೆ ಸಾಕು. ಚೀಲದ ಮೇಲೆ ಐಎಸ್ 15477 ಎಂದು (ಟೈಲ್ಸ್ ಅಂಟಿನ ಭಾರತೀಯ ಮಾನಕದ ನಂಬರ್), ಅದರ ಜೊತೆ ಟೈಪ್ ನಂಬರ್ ಇದೆಯಾ ನೋಡಿ. ಮಳೆ ಬಿಸಿಲಿಗೆ ತೆರೆದ ಜಾಗಕ್ಕೆ ಟೈಪ್ 1 ಸಾಲದು. ಮೇಲಿನ ನಂಬರ್ ಕೇಳಿ.

ಕ್ವಾರಿ ಟೈಲ್ಸ್ ಬೆನ್ನಲ್ಲಿ ಉದ್ದುದ್ದ ಗೀರುಗಳಿರುತ್ತವೆ. ನೆಲದ ಮೇಲೆ ಹಲ್ಲಿನ ಥಾಪಿಯಿಂದ ಅಂಟು ಎಳೆದರೆ ಸಾಲದು, ಟೈಲ್ಸ್ ಬೆನ್ನಿಗೂ ಸ್ವಲ್ಪ ಸವರಿ ಆ ಗೀರು ತುಂಬಿಸಬೇಕು. ರೊಟ್ಟಿಗೆ ಬೆಣ್ಣೆ ಸವರಿದಷ್ಟು ಸಾಕು. ಇಪ್ಪತ್ತಕ್ಕೊಂದು ಟೈಲ್ಸ್ ತಕ್ಷಣ ಎತ್ತಿ ನೋಡಿ. ಬೆನ್ನು ಪೂರ್ತಿ ಅಂಟಿದ್ದರೆ ಮುಂದೆ ಹೋಗಿ. ಮೂಲೆ ಖಾಲಿ ಉಳಿದರೆ ಗ್ಯಾಸ್ ಸಿಲಿಂಡರ್ ಕುಕ್ಕಿದ ದಿನ ಆ ಮೂಲೆ ಹಾರುತ್ತದೆ.

ಸಂದಿ ಇಷ್ಟು ಅಗಲ ಯಾಕೆ? ಕೂದಲೆಳೆಯಷ್ಟು ಬಿಟ್ಟು ಹಾಕಿಕೊಡಿ.

ಆಗುವುದಿಲ್ಲ ರೀ. ಸುಟ್ಟ ಮಣ್ಣು ಒಂದೊಂದು ಒಂದೊಂದು ಅಳತೆ. ಒಂದು 149 ಮಿ.ಮೀ., ಪಕ್ಕದ್ದು 152. ಆ ಏರುಪೇರನ್ನು ಸಂದಿಯೇ ನುಂಗಬೇಕು. 6ರಿಂದ 10 ಮಿ.ಮೀ. ಬೇಕೇ ಬೇಕು. ಪ್ಲಾಸ್ಟಿಕ್ ಸ್ಪೇಸರ್ ಇಟ್ಟು ಸುಮ್ನೆ ಹಾಕುತ್ತಾ ಹೋದರೆ ಹತ್ತನೇ ಸಾಲಿಗೆ ಹಾವಿನ ಹಾಗೆ ಡೊಂಕಾಗುತ್ತದೆ. ನಾವು ದಾರ ಕಟ್ಟಿ, ಮೂರು ನಾಲ್ಕು ಸಾಲಿಗೊಮ್ಮೆ ದಾರಕ್ಕೆ ಸರಿಪಡಿಸಿಕೊಳ್ಳುತ್ತೇವೆ. ಕೋಣೆಯ ನಡುಗೆರೆ ಎಳೆಯುವಾಗ ಗೋಡೆಯನ್ನು ನಂಬುವುದಿಲ್ಲ. ಒಂದು ಕಡೆ 3 ಅಡಿ, ಇನ್ನೊಂದು ಕಡೆ 4 ಅಡಿ ಗುರುತು ಹಾಕಿ. ಓರೆಯಾಗಿ ಅಳೆದಾಗ ಸರಿಯಾಗಿ 5 ಅಡಿ ಬಂದರೆ ಮೂಲೆ ಮಟ್ಟ ಇದೆ ಎಂದು ಅರ್ಥ.

ಗೋಡೆ ಗುಂಟ 6 ಮಿ.ಮೀ. ಖಾಲಿ ಬಿಡುವುದನ್ನು ಮರೆಯಬೇಡಿ. ಗೋಡೆಯ ಬುಡಕ್ಕೆ ಹಾಕುವ ಪಟ್ಟಿ, ಅಂದರೆ ಸ್ಕರ್ಟಿಂಗ್, ಅದನ್ನು ಮುಚ್ಚುತ್ತದೆ. ತೆರೆದ ಜಗಲಿಯಲ್ಲಿ ಪ್ರತಿ 3 ಮೀಟರಿಗೆ ಒಂದು ಸಂದಿಯಲ್ಲಿ ಸಿಮೆಂಟು ಬಿಟ್ಟು ರಬ್ಬರಿನಂಥ ಸೀಲೆಂಟ್ ತುಂಬಿಸಿ. ಏಪ್ರಿಲ್ ಬಿಸಿಲಿಗೆ ನೆಲ ಹಿಗ್ಗಿದಾಗ ಎಲ್ಲಾದರೂ ಜಾಗ ಬೇಕಲ್ಲ?

ಸಂದಿ ತುಂಬುವ ಮೊದಲೇ ಸೀಲರ್ ಅಂತೀರಿ. ಅದು ಕೊನೆಗೆ ಅಲ್ವಾ?

ಎರಡು ಸಲ. ಎಲ್ಲರೂ ಬಿಡುವ ಹಂತ ಈ ಮೊದಲನೆಯದು.

ಗ್ರೌಟ್ ಅಂದರೆ ಬಣ್ಣದ ಸಿಮೆಂಟು. ಲೇಪ ಇಲ್ಲದ ಟೈಲ್ಸ್ ಮೇಲೆ ಅದನ್ನು ರಬ್ಬರ್ ಹಲಗೆಯಿಂದ ಉಜ್ಜಿದಾಗ ಸಿಮೆಂಟಿನ ಹಾಲು ಟೈಲ್ಸ್ ಮುಖದ ಸಣ್ಣ ರಂಧ್ರದೊಳಗೆ ಇಳಿಯುತ್ತದೆ. ಒಣಗಿದ ಮೇಲೆ ಇಡೀ ನೆಲಕ್ಕೆ ವಿಭೂತಿ ಬಳಿದ ಹಾಗೆ ಕಾಣುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಅದಕ್ಕೆ ಟೈಲ್ಸ್ ಕೂತು, ಒಣಗಿ, ಗುಡಿಸಿ ಆದ ಮೇಲೆ ಮುಖಕ್ಕೆ ಮಾತ್ರ ಒಂದು ತೆಳು ಕೋಟ್ ಸೀಲರ್ ಕೊಡಬೇಕು. ಸಣ್ಣ ಸ್ಪಂಜಿನಿಂದ ಒಂದೊಂದಾಗಿ ಒರೆಸಿ. ಸಂದಿಯೊಳಗೆ, ಅಂಚಿನ ಪಕ್ಕಕ್ಕೆ ಇಳಿಸಬೇಡಿ. ಅಲ್ಲಿ ಸೀಲರ್ ಇದ್ದರೆ ಗ್ರೌಟ್ ಕಚ್ಚುವುದಿಲ್ಲ. 400 ಟೈಲ್ಸ್‌ಗೆ ನಮ್ಮ ಹುಡುಗನಿಗೆ ಅರ್ಧ ದಿನ ಬೇಕು. ಆ ಅರ್ಧ ದಿನ ಉಳಿಸಲು ಹೋದವರು ಆಮೇಲೆ ಒಂದು ವಾರ ನೆಲ ಉಜ್ಜಿದ್ದನ್ನು ನೋಡಿದ್ದೇನೆ.

ಗ್ರೌಟ್ ಮರಳು ಬೆರೆತದ್ದೇ ಇರಲಿ. ಬರೀ ನುಣ್ಣನೆಯದು 8 ಮಿ.ಮೀ. ಸಂದಿಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಇಡ್ಲಿ ಹಿಟ್ಟಿಗಿಂತ ಗಟ್ಟಿ ಕಲಸಿ. ಚಿಕ್ಕ ಚಿಕ್ಕ ಭಾಗ ತುಂಬಿ, ಹಿಂಡಿದ ಸ್ಪಂಜಿನಿಂದ ಓರೆಯಾಗಿ ಒರೆಸಿ, ಬಕೆಟಿನ ನೀರು ಆಗಾಗ ಬದಲಿಸಿ. ಸಿಮೆಂಟಿನ ಬದಲು ರಾಳದಿಂದ ಮಾಡಿದ ಎಪಾಕ್ಸಿ ಗ್ರೌಟ್ ಗಟ್ಟಿ ನಿಜ, ಆದರೆ ಲೇಪ ಇಲ್ಲದ ಟೈಲ್ಸ್ ಮೇಲೆ ಅದು ಒಣಗಿ ಕೂತರೆ ತೆಗೆಯಲು ಆಗುವುದಿಲ್ಲ. ಮನೆಗೆ ನಾನು ಹಾಕುವುದಿಲ್ಲ.

ಸಿಮೆಂಟು ಕಲೆ ಇದೆ. ಆಸಿಡ್ ಹಾಕಿ ತೊಳೆಯಲಾ?

ಬಾತ್‌ರೂಮ್ ಆಸಿಡ್ ಸುರಿಯಬೇಡಿ. ಅದು ಕಲೆಯ ಜೊತೆ ಸಂದಿಯನ್ನೂ ತಿನ್ನುತ್ತದೆ. ಗ್ರೌಟ್ ಆಗಿ ಕನಿಷ್ಠ 10 ದಿನ ಕಾದು, ಸಲ್ಫಾಮಿಕ್ ಆಸಿಡ್ ಪುಡಿಯನ್ನು ಡಬ್ಬಿಯ ಮೇಲೆ ಬರೆದ ಲೆಕ್ಕದಲ್ಲಿ ತೆಳುವಾಗಿ ಕರಗಿಸಿ. ಮೊದಲು ನೆಲಕ್ಕೆ ನೀರು ಕುಡಿಸಿ, ಆಗ ಆಸಿಡ್ ಮೇಲೇ ನಿಲ್ಲುತ್ತದೆ. ಮೂಲೆಯಲ್ಲಿ ಎರಡು ಟೈಲ್ಸ್ ಮೇಲೆ ನೋಡಿ, ಆಮೇಲೆ ಮುಂದೆ ಹೋಗಿ. ಕೊನೆಗೆ ಎರಡು ಮೂರು ಸಲ ನೀರಿನಿಂದ ತೊಳೆಯಿರಿ. ಯಾವತ್ತೂ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ಬ್ಲೀಚಿಂಗ್ ಜೊತೆ ಸೇರಿಸಿದರೆ ವಿಷದ ಗಾಳಿ ಏಳುತ್ತದೆ. ಕಿಟಕಿ ತೆಗೆದಿಡಿ, ಕೈಗೆ ಗ್ಲೌಸ್ ಹಾಕಿ.

ಬಿಳಿ ಬಿಳಿ ಉಪ್ಪು ಏಳುತ್ತಿದೆ. ತೊಳೆದರೆ ಹೋಗುತ್ತೆ, ಒಣಗಿದರೆ ಮತ್ತೆ ಬರುತ್ತೆ.

ತೊಳೆದದ್ದೇ ತಪ್ಪು. ಆ ಉಪ್ಪು ನೀರಲ್ಲಿ ಕರಗಿ ಮತ್ತೆ ಒಳಗೆ ಹೋಯಿತು, ಒಣಗುತ್ತಾ ಮತ್ತೆ ಮೇಲೆ ಬಂತು. ಒಣ ಬ್ರಷ್‌ನಿಂದ ಉಜ್ಜಿ, ಗುಡಿಸಿ, ಹೊರಗೆ ಎಸೆಯಿರಿ. ವಾರಕ್ಕೊಮ್ಮೆ ಹೀಗೆ ಮಾಡಿ. ಕೆಳಗಿನ ತೇವ ಮುಗಿದಂತೆ ಉಪ್ಪೂ ಕಡಿಮೆ ಆಗುತ್ತದೆ. ಎರಡು ಮೂರು ತಿಂಗಳು ಹಿಡಿಯಬಹುದು. ಅಲ್ಲಿಯ ತನಕ ಸೀಲರ್ ಬೇಡ. ಮೇಲೆ ಪದರ ಹಾಕಿ ಮುಚ್ಚಿದರೆ ಉಪ್ಪು ಪದರದ ಕೆಳಗೇ ಹರಳುಗಟ್ಟಿ ಟೈಲ್ಸ್ ಮುಖವನ್ನೇ ಎಬ್ಬಿಸುತ್ತದೆ.

ಒಂದು ಮಾತು. ಹತ್ತಿರ ಸಿಗುತ್ತದೆ ಅಂತ ಸಮುದ್ರದ ಮರಳು ತರಿಸಬೇಡಿ. ಉಪ್ಪನ್ನು ನಾವೇ ದುಡ್ಡು ಕೊಟ್ಟು ನೆಲದೊಳಗೆ ಹೂತ ಹಾಗೆ ಆಗುತ್ತದೆ.

ಯಾವ ಸೀಲರ್ ಒಳ್ಳೆಯದು?

ಒಳಗೆ ಇಳಿಯುವುದು ಒಂದು, ಮೇಲೆ ಪದರ ಕಟ್ಟುವುದು ಒಂದು, ಎಣ್ಣೆ ಮತ್ತು ಮೇಣ ಇನ್ನೊಂದು.

ಗೋವಾಕ್ಕೆ ನನ್ನ ಓಟು ಮೊದಲನೆಯದಕ್ಕೆ. ಡಬ್ಬಿಯ ಮೇಲೆ ಸಿಲೇನ್, ಸಿಲಾಕ್ಸೇನ್ ಎಂದು ಇರುತ್ತದೆ. ಅದು ರಂಧ್ರದ ಗೋಡೆಗೆ ಅಂಟಿಕೊಂಡು ನೀರನ್ನು ತಡೆಯುತ್ತದೆ, ಆದರೆ ರಂಧ್ರವನ್ನು ಮುಚ್ಚುವುದಿಲ್ಲ. ಕೆಳಗಿನ ತೇವ ಆವಿಯಾಗಿ ಹೊರಗೆ ಹೋಗಬಹುದು. ಹೊಳಪು ಬರುವುದಿಲ್ಲ. "ದುಡ್ಡು ಕೊಟ್ಟೆ, ಏನೂ ಕಾಣ್ತಾ ಇಲ್ಲ" ಅಂತ ಬೇಜಾರು ಮಾಡಿಕೊಳ್ಳಬೇಡಿ. ಹನಿ ನೀರು ಹಾಕಿ ನೋಡಿ, ಕೆಸುವಿನ ಎಲೆ ಮೇಲಿನ ಹಾಗೆ ಉಂಡೆಯಾಗಿ ನಿಂತರೆ ಕೆಲಸ ಆಗಿದೆ. ಹಚ್ಚಿ ಐದು ಹತ್ತು ನಿಮಿಷದಲ್ಲಿ, ಹೀರದೆ ಉಳಿದದ್ದನ್ನು ಒಣ ಬಟ್ಟೆಯಿಂದ ಒರೆಸಿಬಿಡಬೇಕು. ಬಿಟ್ಟರೆ ಜಿಗುಟು ಪಟ್ಟೆ ಉಳಿಯುತ್ತದೆ.

ಅಕ್ರಿಲಿಕ್ ಪದರ ಹೊಳೆಯುತ್ತದೆ, ಬಣ್ಣ ಎದ್ದು ಕಾಣುತ್ತದೆ. ಮೇಲ್ಮಹಡಿಯ ಒಣ ಕೋಣೆಗೆ ಅಡ್ಡಿಯಿಲ್ಲ. ಜಗಲಿಗೆ ಬೇಡ. ಒದ್ದೆಯಾದಾಗ ಜಾರುತ್ತದೆ, ಒಂದೆರಡು ವರ್ಷದಲ್ಲಿ ಓಡಾಡುವ ಜಾಗ ಸವೆದು ದಾರಿ ಕಾಣುತ್ತದೆ.

ಎಣ್ಣೆ ಅಂದರೆ ಅಗಸಿ ಎಣ್ಣೆ. ನಮ್ಮ ಕಡೆ ಅಗಸಿ ಚಟ್ನಿ ಇಲ್ಲದೆ ರೊಟ್ಟಿ ಇಳಿಯುವುದಿಲ್ಲ, ಆದರೆ ಇದು ಗಾಣದ ಎಣ್ಣೆ ಅಲ್ಲ. ಪೇಂಟ್ ಅಂಗಡಿಯ ಡಬಲ್ ಬಾಯಿಲ್ಡ್ ಲಿನ್‌ಸೀಡ್ ಆಯಿಲ್. ಟರ್ಪೆಂಟೈನ್ ಬೆರೆಸಿ ತೆಳುವಾಗಿ ಹಚ್ಚಿ, ಒರೆಸಿ, ಒಣಗಿದ ಮೇಲೆ ಇನ್ನೊಂದು ಸಲ ಹಚ್ಚಿ, ಕೊನೆಗೆ ಮೇಣ. ಟೆರಾಕೋಟಾಕ್ಕೆ ಇದರ ಚೆಲುವೇ ಬೇರೆ. ಗಟ್ಟಿ ಕ್ವಾರಿಗೆ ಎಣ್ಣೆ ಇಳಿಯುವುದಿಲ್ಲ, ಮೇಲೆ ಅಂಟಂಟಾಗಿ ಕೂತು ಧೂಳು ಹಿಡಿಯುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಎಸೆಯಬೇಡಿ. ಆ ಎಣ್ಣೆ ಒಣಗುವಾಗ ತಾನೇ ಬಿಸಿ ಹುಟ್ಟಿಸುತ್ತದೆ, ಕಡ್ಡಿ ಗೀರದೆ ಬೆಂಕಿ ಹತ್ತಬಹುದು. ನಮ್ಮ ಹುಡುಗ ಒಮ್ಮೆ ಬಟ್ಟೆ ಮುದ್ದೆ ಮಾಡಿ ಖಾಲಿ ಡಬ್ಬಿಯಲ್ಲಿ ತುರುಕಿದ್ದ. ಸಂಜೆ ಮುಟ್ಟಿ ನೋಡಿದರೆ ರೊಟ್ಟಿ ಹಂಚಿನಷ್ಟು ಬಿಸಿ. ಅವತ್ತಿನಿಂದ ನೀರಲ್ಲಿ ನೆನೆಸಿ, ಹೊರಗೆ ಹರಡಿ ಹಾಕುತ್ತೇವೆ.

ಗಣಪತಿ ಹಬ್ಬದೊಳಗೆ ಸೀಲ್ ಮಾಡಿಕೊಡ್ತೀರಾ?

ಈ ಪ್ರಶ್ನೆಗೆ ನಾನು ಒಮ್ಮೆ ಹೂಂ ಅಂದು ಅನುಭವಿಸಿದ್ದೇನೆ. ಪೋಂಡಾದಲ್ಲಿ ನಮ್ಮೂರ ಕಡೆಯ ಒಬ್ಬ ಮೇಷ್ಟ್ರ ಮನೆ. ಆಗಸ್ಟ್ ತಿಂಗಳು. ಅವರು ಹಬ್ಬ ಅಂದರು, ನಾನು ಫ್ಯಾನ್ ಹಾಕಿ ಎರಡು ದಿನ ಒಣಗಿಸಿ ಅಕ್ರಿಲಿಕ್ ಹೊಡೆದೆ. ಚೌತಿ ದಿನ ನೆಲ ಕನ್ನಡಿ. ಹದಿನೈದು ದಿನಕ್ಕೆ ಮೋಡ ಕವಿದ ಹಾಗೆ ಬೆಳ್ಳಗಾಯಿತು. ಕೆಳಗಿನ ತೇವಕ್ಕೆ ದಾರಿ ಇಲ್ಲದೆ ಪದರದೊಳಗೆ ಸಿಕ್ಕಿಬಿದ್ದಿತ್ತು. ಡಿಸೆಂಬರ್‌ನಲ್ಲಿ ಪೂರ್ತಿ ಕೆರೆದು ತೆಗೆದು, ನನ್ನ ಕೈಯಿಂದಲೇ ದುಡ್ಡು ಹಾಕಿ ಮತ್ತೆ ಮಾಡಿಕೊಟ್ಟೆ. ಮೇಷ್ಟ್ರು ಬಯ್ಯಲಿಲ್ಲ, ಚಹಾ ಕೊಟ್ಟರು. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೋ ಏನೋ.

ಜೂನ್‌ನಿಂದ ಸೆಪ್ಟೆಂಬರ್ ತನಕ ಟೈಲ್ಸ್ ಹಾಕಿಸಿ, ತೊಂದರೆ ಇಲ್ಲ. ಕೊನೆಯ ಸೀಲರ್ ದೀಪಾವಳಿ ಕಳೆದ ಮೇಲೆ. ಪ್ಲಾಸ್ಟಿಕ್ ಹಾಳೆಯ ಪರೀಕ್ಷೆ ಆಗ ಇನ್ನೊಮ್ಮೆ ಮಾಡಿ.

ಸೀಲ್ ಮಾಡದಿದ್ದರೆ ಏನಾಗುತ್ತೆ?

ಶೇ. 5ರ ಒಳಗಿನ ಗಟ್ಟಿ ಕ್ವಾರಿಗೆ ಕೊನೆಯ ಸೀಲರ್ ಇಲ್ಲದಿದ್ದರೂ ಏನೂ ಆಗುವುದಿಲ್ಲ. ಹೋಟೆಲಿನ ದೊಡ್ಡ ಅಡಿಗೆಮನೆಗಳಲ್ಲಿ ಸೀಲ್ ಮಾಡದೆ ಬಳಸುವುದೇ ಇದನ್ನು. ಕೊಳೆ ಹಿಡಿಯುವುದು ಸಂದಿ. ಬೇಕಾದರೆ ಅದಕ್ಕೊಂದೇ ಸೀಲರ್ ಹಚ್ಚಿಸಿ. ಇದನ್ನು ಹೇಳಿದರೆ ನಮಗೆ ಒಂದು ದಿನದ ಕೂಲಿ ಹೋಗುತ್ತದೆ, ಹೋಗಲಿ.

ಮೀನು ಸಾರು ಚೆಲ್ಲಿದೆ. ಎಣ್ಣೆ, ಅರಿಶಿನ ಎರಡೂ.

ತಕ್ಷಣ ಒತ್ತಿ ಹೀರಿಸಿ, ಉಜ್ಜಿ ಹರಡಬೇಡಿ. ಎಣ್ಣೆ ಇಳಿದಿದ್ದರೆ ಅಡಿಗೆ ಸೋಡಾವನ್ನು ಸ್ವಲ್ಪ ನೀರಲ್ಲಿ ಕಲಸಿ ದಪ್ಪ ಮೆತ್ತಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ ರಾತ್ರಿ ಬಿಡಿ. ಬೆಳಿಗ್ಗೆ ತೆಗೆದು ಒಣಗಲು ಬಿಡಿ. ಎರಡು ಮೂರು ಸಲ ಮಾಡಬೇಕಾಗಬಹುದು. ಅರಿಶಿನ ಬಿಸಿಲಿಗೆ ತಾನೇ ಮಾಸುತ್ತದೆ. ಜಗಲಿಯಲ್ಲಾದರೆ ಸುಮ್ನೆ ಬಿಟ್ಟುಬಿಡಿ. ನಿಂಬೆಹಣ್ಣು, ವಿನೆಗರ್ ಉಜ್ಜಿದರೆ ಸಂದಿ ಸವೆಯುತ್ತದೆ. ದಿನಾ ಒರೆಸಲು ಬರೀ ನೀರು ಸಾಕು. ಸೋಪು ಜಾಸ್ತಿ ಆದರೆ ಅದೇ ಒಂದು ಪದರವಾಗಿ ಕೂತು ಕೊಳೆ ಹಿಡಿಯುತ್ತದೆ.

ನಿಮ್ಮ ಹುಡುಗರು ನೀರು ಹಾಕಿ ಕತ್ತರಿಸ್ತಾರೆ, ಅಂಗಳ ಎಲ್ಲಾ ಕೆಸರು.

ಕೆಸರು ನಾವೇ ತೊಳೆದು ಹೋಗುತ್ತೇವೆ ಅಕ್ಕಾ. ಗ್ರೈಂಡರ್‌ನಿಂದ ಒಣದಾಗಿ ಕತ್ತರಿಸಿದರೆ ಏಳುವ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶದಲ್ಲಿ ಕೂತರೆ ವಾಪಸ್ ಬರುವುದಿಲ್ಲ. ನಮ್ಮ ಕಡೆಯಿಂದ ಹದಿನೆಂಟು ತುಂಬಿದ ಕೂಡಲೇ ಬಂದು ಟವೆಲ್ ಸುತ್ತಿಕೊಂಡು ಕತ್ತರಿಸುವ ಹುಡುಗರಿದ್ದಾರೆ. ಟವೆಲ್ ಆ ಧೂಳನ್ನು ತಡೆಯುವುದಿಲ್ಲ. ನೀರು, ಸರಿಯಾದ ಮಾಸ್ಕ್ ಎರಡೂ ಬೇಕು. ಬೇರೆ ಗ್ಯಾಂಗ್ ಕರೆಸಿದರೂ ನೀವೇ ಒಂದು ಬಕೆಟ್ ನೀರು ಕೊಟ್ಟು ಹೇಳಿ.

ಉಳಿದ ಟೈಲ್ಸ್ ವಾಪಸ್ ಕೊಡಲಾ?

ಎಲ್ಲಾ ಕೊಡಬೇಡಿ. ಹದಿನೈದು ಇಟ್ಟುಕೊಳ್ಳಿ. ಮೆಟ್ಟಿಲ ಕೆಳಗೆ, ಡಬ್ಬಿಯ ಮೇಲಿನ ಬ್ಯಾಚ್ ನಂಬರ್ ಕಾಣುವ ಹಾಗೆ, ಅಂಚಿನ ಮೇಲೆ ನಿಲ್ಲಿಸಿಡಿ. ಗ್ರೌಟ್ ಬಣ್ಣದ ಹೆಸರನ್ನೂ ಅದರ ಮೇಲೇ ಪೆನ್ಸಿಲ್‌ನಲ್ಲಿ ಬರೆದಿಡಿ. ಇನ್ನು ಐದು ವರ್ಷಕ್ಕೆ ನಲ್ಲಿ ಪೈಪು ಒಡೆದು ನೆಲ ಅಗೆಯುವಾಗ ನನಗೆ ಫೋನ್ ಮಾಡಿ, "ಅದೇ ಬಣ್ಣ ಎಲ್ಲಿ ಸಿಗುತ್ತೆ" ಅಂತ ಕೇಳುವ ಕೆಲಸ ಇರುವುದಿಲ್ಲ.